ಘಾಟಿ ಹತ್ತುವಾಗ ಮಾತ್ರ ಜೀಪು ಹೀಟ್ ಆಗುತ್ತದೆ, ಹೆಡ್ ಇಳಿಸಬೇಕಾ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ಅಣ್ಣ, ನಮಸ್ಕಾರ. ನನ್ನದು 1996ರ ಡೀಸೆಲ್ ಜೀಪು. ಅಪ್ಪ ತೆಗೆದುಕೊಂಡಿದ್ದು, ತೋಟಕ್ಕೆ ಇದೊಂದೇ ಗಾಡಿ. ಬಯಲು ರಸ್ತೆಯಲ್ಲಿ ಎಷ್ಟು ಓಡಿಸಿದರೂ ಹೀಟ್ ಮೀಟರಿನ ಮುಳ್ಳು ಮೇಲೇಳುವುದಿಲ್ಲ. ಲೋಡ್ ಹಾಕಿಕೊಂಡು ಚಾರ್ಮಾಡಿ ಹತ್ತಿದರೆ, ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ಗೆರೆ ಮುಟ್ಟುತ್ತದೆ. ಪ್ರತಿ ಸಲ ಅರ್ಧ ಲೀಟರ್ ನೀರು ಕಡಿಮೆಯಾಗಿರುತ್ತದೆ, ಆದರೆ ಎಲ್ಲೂ ಸೋರಿದ ಗುರುತಿಲ್ಲ. ಎರಡು ವರ್ಷದ ಹಿಂದೆ ರೇಡಿಯೇಟರ್‌ಗೆ ಬೆಸುಗೆ ಹಾಕಿಸಿದ್ದೆ. ಆಮೇಲೆ ಒಬ್ಬರು, ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಟ್ಟರು, ನಮ್ಮ ಕಡೆಗೆ ಇದು ಬೇಡ ಎಂದರು. ಈಗ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮೇಲಿನ ಹೆಡ್ಡಿನ ಅಡಿಯ ಸೀಲ್) ಹೋಗಿದೆ, ಹೆಡ್ ಇಳಿಸಿ ಎನ್ನುತ್ತಿದ್ದಾರೆ. ಇಳಿಸಲಾ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಹಾಸನ):
ಈಗಲೇ ಇಳಿಸಬೇಡಿ. ಹೆಡ್ ಇಳಿಸುವುದು ಕೊನೆಯ ಕೆಲಸ. ಮನೆಯಲ್ಲೇ ನೋಡಬಹುದಾದ್ದು ಬಹಳ ಇದೆ.

ಗಾಡಿ ಯಾವಾಗ ಹೀಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನಿಂತಲ್ಲೇ ಐಡಲ್‌ನಲ್ಲಿ ಹೀಟ್ ಆದರೆ ನನಗೆ ಫ್ಯಾನ್ ಮೇಲೆ ಅನುಮಾನ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಕುದಿಯಲು ಶುರುವಾದರೆ ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್ ಅಥವಾ ಗ್ಯಾಸ್ಕೆಟ್. ನಿಮ್ಮದು ಬಯಲಲ್ಲಿ ಸರಿ, ಏರಿನಲ್ಲಿ ಮಾತ್ರ ತೊಂದರೆ. ಅಂದರೆ ಇಂಜಿನ್ ಜಾಸ್ತಿ ಬಿಸಿ ಹೊರಹಾಕುವ ಹೊತ್ತಿಗೆ ರೇಡಿಯೇಟರ್ ಅಷ್ಟನ್ನು ತಣಿಸಲು ಆಗುತ್ತಿಲ್ಲ.

ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ತೆಗೆಯಿರಿ. ಬಿಸಿಯಲ್ಲಿ ಕ್ಯಾಪ್ ತಿರುಗಿಸಿ ಮುಖ, ಕೈ ಸುಟ್ಟುಕೊಂಡ ಹುಡುಗರನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಮ್ಮ ಊರು ಹತ್ತಿರ ಹತ್ತಿರ 1000 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಎಂದು ಬರೆದ ಒಳ್ಳೆಯ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟರೆ ನೀರು 115 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೀಳಿದ್ದರೆ ಆ ಲಾಭ ಪೂರ್ತಿ ಹೋಯಿತು. ನೀರು ಓವರ್‌ಫ್ಲೋ ಪೈಪಿನಿಂದ ಆವಿಯಾಗಿ ಹೋಗುತ್ತದೆ, ನೆಲದ ಮೇಲೆ ಗುರುತೇ ಇರುವುದಿಲ್ಲ. ನಿಮ್ಮ ಅರ್ಧ ಲೀಟರ್ ಹೀಗೇ ಹೋಗುತ್ತಿರಬಹುದು.

ಗ್ಯಾಸ್ಕೆಟ್ ಅನುಮಾನವನ್ನೂ ಮನೆಯಲ್ಲೇ ಬಗೆಹರಿಸಿಕೊಳ್ಳಿ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು, ಕತ್ತಿನವರೆಗೆ ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲು ನಾಲ್ಕಾರು ಗುಳ್ಳೆ ಬಂದರೆ ಚಿಂತೆ ಇಲ್ಲ, ಅದು ಒಳಗೆ ಸಿಕ್ಕಿಕೊಂಡ ಗಾಳಿ. ಗುಳ್ಳೆ ನಿಲ್ಲದೆ ಬರುತ್ತಿದ್ದು, ಆಕ್ಸಿಲರೇಟರ್ ಕೊಟ್ಟಾಗ ಇನ್ನೂ ಜಾಸ್ತಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ ಎಂದರ್ಥ. ನೀರು ಬಿಸಿಯಾಗುವ ಮುಂಚೆ ಆಫ್ ಮಾಡಿಬಿಡಿ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಬೆರೆಸಿದ ಚಹಾದ ಬಣ್ಣ ಇದೆಯಾ? ಇದ್ದರೆ ಆಯಿಲಿಗೆ ನೀರು ಸೇರಿದೆ.

ಇನ್ನೊಂದು ಪರೀಕ್ಷೆ. ಗಾಡಿ ಬಿಸಿಯಾದ ಮೇಲೆ ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ರೇಡಿಯೇಟರಿನ ಮುಂಭಾಗದ ಹತ್ತಿರ ಅಂಗೈ ಹಿಡಿದು ಮೇಲಿಂದ ಕೆಳಗೆ ಸರಿಸಿ. ಕೆಳಗೆ ಹೋದಂತೆ ಬಿಸಿ ನಿಧಾನವಾಗಿ ಇಳಿಯಬೇಕು. ನಡುವೆ ಒಂದು ಕಡೆ ಮಾತ್ರ ತಣ್ಣಗಿದ್ದರೆ ಅಲ್ಲಿ ಟ್ಯೂಬ್ ಕಟ್ಟಿಕೊಂಡಿದೆ. ನೋಡಿ ಬರೆಯಿರಿ.

ಪ್ರಶ್ನೆ (ಅವರೇ, ಮೂರು ದಿನದ ನಂತರ):
ಅಣ್ಣ, ಎಲ್ಲಾ ಮಾಡಿದೆ. ಗುಳ್ಳೆ ಒಂದು ನಿಮಿಷದಲ್ಲಿ ನಿಂತಿತು. ಆಯಿಲ್ ಕಪ್ಪಗೇ ಇದೆ. ಕ್ಯಾಪ್ ರಬ್ಬರ್ ಎರಡು ಕಡೆ ಸೀಳಿದೆ. ಬಲಗಡೆ ಕೆಳಗೆ ಒಂದು ಅಂಗೈ ಅಗಲ ತಣ್ಣಗಿದೆ. ಇನ್ನೊಂದು ವಿಷಯ, ಪಕ್ಕದ ತೋಟದವರ ಜೀಪಿನಲ್ಲಿ ಫ್ಯಾನ್ ಸುತ್ತ ಒಂದು ಕವರ್ ಇದೆ, ನನ್ನದರಲ್ಲಿ ಇಲ್ಲ. ಬೆಸುಗೆ ಮಾಡಿಸಿದಾಗ ತೆಗೆದವರು ವಾಪಸ್ ಹಾಕಲೇ ಇಲ್ಲ ಅನಿಸುತ್ತದೆ.

ಉತ್ತರ:
ಬಹಳ ಚೆನ್ನಾಗಿ ನೋಡಿದ್ದೀರಿ. ಹೆಡ್ ಮುಟ್ಟುವ ಕೆಲಸ ಈಗ ಇಲ್ಲ.

ಆ ಕವರ್‌ಗೆ ಶ್ರೌಡ್ ಎನ್ನುತ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಅಕ್ಕಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ, ರೇಡಿಯೇಟರ್ ಮೂಲಕ ಎಳೆಯುವುದು ಕಡಿಮೆ. ಬಯಲಲ್ಲಿ ಓಟದ ಗಾಳಿಯೇ ಸಾಕು. ಘಾಟಿಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವಾಗ ಎಲ್ಲಾ ಫ್ಯಾನ್ ಮೇಲೇ ನಿಂತಿರುತ್ತದೆ, ಅಲ್ವಾ? ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ. ಸಿಗದಿದ್ದರೆ ತಗಡಿನಲ್ಲಿ ಮಾಡಿಸಿ, ಬ್ಲೇಡಿಗೆ ತಾಗಬಾರದು ಅಷ್ಟೇ.

ನಿಮ್ಮದು ಹಿತ್ತಾಳೆ ತಾಮ್ರದ ಹಳೆ ರೇಡಿಯೇಟರ್, ಅದು ನಿಮ್ಮ ಪುಣ್ಯ. ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಒಂದೊಂದು ಟ್ಯೂಬಿಗೂ ಉದ್ದನೆಯ ಪಟ್ಟಿ ಹಾಕಿ ಒಳಗೆ ಗಟ್ಟಿ ಕಟ್ಟಿದ್ದನ್ನು ತೆಗೆಯುತ್ತಾರೆ. ರಾಡಿಂಗ್ ಎಂದು ಕೇಳಿ. ಪ್ಲಾಸ್ಟಿಕ್ ಟ್ಯಾಂಕಿನ ಹೊಸ ಕಾಲದ ರೇಡಿಯೇಟರಿಗೆ ಈ ರಿಪೇರಿ ಹೀಗೆ ಆಗುವುದಿಲ್ಲ. ಹೊರಗಿನ ರೆಕ್ಕೆಗಳ ನಡುವೆ ಕೆಸರು, ಹುಳ, ಹುಲ್ಲಿನ ಬೀಜ ಕೂತಿದ್ದರೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಜೋರು ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ.

ಇನ್ನು ಥರ್ಮೋಸ್ಟಾಟ್. ಅದನ್ನು ತೆಗೆದದ್ದು ತಪ್ಪು, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬಹಳಷ್ಟು ಇಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿ ಮುಚ್ಚುತ್ತದೆ. ತೆಗೆದುಬಿಟ್ಟರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಏರಿನಲ್ಲಿ ಹೀಟ್ ಇನ್ನೂ ಜಾಸ್ತಿ. ಚಳಿಯಲ್ಲಿ ಇಂಜಿನ್ ಬಿಸಿಯೇ ಏರದೆ ಹೊಗೆ ಬರುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಸವೆಯುತ್ತದೆ. ನಿಮ್ಮ ಇಂಜಿನ್‌ಗೆ ಹೇಳಿದ್ದನ್ನೇ ತನ್ನಿ. 82 ಡಿಗ್ರಿ ಸಾಮಾನ್ಯ, ಅಂಕಿ ಅದರ ಮೇಲೇ ಕೊರೆದಿರುತ್ತದೆ. ಹೊಸದಾದರೂ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ತೆರೆದುಕೊಂಡರೆ ಹಾಕಿ.

ಪ್ರಶ್ನೆ (ತೀರ್ಥಹಳ್ಳಿ, ಪಿಕಪ್ ಡ್ರೈವರ್):
ಸರ್, ನಾನು ಬೋರ್‌ವೆಲ್ ನೀರೇ ಹಾಕುತ್ತೇನೆ. ಕೂಲಂಟ್ ನಿಜವಾಗಿ ಬೇಕಾ?

ಉತ್ತರ:
ಬೇಕು. ಬೋರ್‌ವೆಲ್ ನೀರಿನ ಉಪ್ಪು, ಸುಣ್ಣವೇ ಟ್ಯೂಬಿನೊಳಗೆ ಗಟ್ಟಿ ಕಟ್ಟುವುದು. ಎಷ್ಟೋ ಹಳೆ ಡೀಸೆಲ್ ಇಂಜಿನ್‌ಗಳಲ್ಲಿ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಹೊರಮೈ ನೇರವಾಗಿ ನೀರಿನಲ್ಲಿರುತ್ತದೆ. ಲೈನರ್ ಅದುರುವಾಗ ಸಣ್ಣ ಗುಳ್ಳೆಗಳು ಒಡೆದು ಒಡೆದು ಲೋಹ ಕೊರೆಯುತ್ತವೆ, ಕೊನೆಗೆ ಸೂಜಿ ತೂತು ಬೀಳುತ್ತದೆ. ಕೂಲಂಟ್‌ನಲ್ಲಿರುವ ರಾಸಾಯನಿಕ ಅದನ್ನು ತಡೆಯುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ. ರೆಡಿಮಿಕ್ಸ್ ತಂದರೆ ನೀರು ಸೇರಿಸಬೇಡಿ. ಎರಡು ಜಾತಿ ಕೂಲಂಟ್ ಬೆರೆಸುವುದೂ ಬೇಡ.

ಹಳೆಯದನ್ನು ಬಿಚ್ಚಿದಾಗ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗಿ ಸಾಯುತ್ತವೆ. ಕ್ಯಾನಿಗೆ ತುಂಬಿ ಮುಚ್ಚಳ ಹಾಕಿಡಿ, ಮಕ್ಕಳ ಕೈಗೂ ಸಿಗಬಾರದು.

ಪ್ರಶ್ನೆ (ಮೂಡಿಗೆರೆಯವರು):
ಎಲ್ಲಾ ಮಾಡಿಸುವ ತನಕ ಘಾಟಿ ಹತ್ತಬಹುದಾ ಅಣ್ಣ?

ಉತ್ತರ:
ಲೋಡ್ ಹಾಕಿಕೊಂಡು ಬೇಡ. ಹೋಗಲೇಬೇಕಾದರೆ ಕ್ಯಾಪ್ ಇವತ್ತೇ ಬದಲಾಯಿಸಿ, ಬೆಲ್ಟ್ ಬಿಗಿ ನೋಡಿ. ಮೂರನೇ ಗೇರಿನಲ್ಲಿ ಎಳೆದಾಡಿಸಬೇಡಿ, ಎರಡನೇ ಗೇರ್ ಹಾಕಿ. ನಿಮ್ಮ ಪಂಪ್, ಫ್ಯಾನ್ ಎರಡೂ ಇಂಜಿನ್ ಜತೆಗೇ ತಿರುಗುವುದು. ಇಂಜಿನ್ ಸ್ವಲ್ಪ ವೇಗವಾಗಿ ತಿರುಗಿದರೆ ನೀರೂ ಗಾಳಿಯೂ ಜಾಸ್ತಿ. ಮುಳ್ಳು ಏರುತ್ತಿದ್ದರೆ ಕೆಂಪು ಮುಟ್ಟುವ ಮುಂಚೆಯೇ ಬದಿಗೆ ನಿಲ್ಲಿಸಿ. ಕುದಿಯುತ್ತಿಲ್ಲ ಅಂದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ರಾಡಿಂಗ್ ಮಾಡುವವರು ಟ್ಯಾಂಕ್ ಬಿಚ್ಚಿದಾಗ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ಎಷ್ಟು ಟ್ಯೂಬ್ ಕಟ್ಟಿದೆ ಅಂತ ನಾನೂ ನೋಡುತ್ತೇನೆ.