ದೆವ್ವ ಹಾರಿದ್ದು ಬುರ್ಗೋಸ್‌ನಲ್ಲಿ, ಜಗಳ ಆಗಿದ್ದು ನಮ್ಮ ಗುಂಪಿನಲ್ಲಿ

ನಮ್ಮ ಮನೆಯವರ ವಾಟ್ಸಾಪ್ ಗುಂಪು, ಭಾನುವಾರ ಬೆಳಗ್ಗೆ. ಹೆಸರುಗಳು ಬೇಡ, ಸಂಬಂಧ ಸಾಕು.

ಮೈಸೂರು ಮಾವ (ಹಲವು ಬಾರಿ ಫಾರ್ವರ್ಡ್ ಆದ ವಿಡಿಯೋ): ಸ್ಪೇನ್‌ನಲ್ಲಿ ಹುಟ್ಟಿದ ಪ್ರತಿ ಮಗುವಿನ ಮೇಲೂ ದೆವ್ವ ಹಾರಲೇಬೇಕು, ಸರ್ಕಾರದ ಕಾನೂನು!! ಅವರು ಮಾಡಿದರೆ ಸಂಸ್ಕೃತಿ, ನಾವು ಮಾಡಿದರೆ ಮೂಢನಂಬಿಕೆ. ಹತ್ತು ಜನಕ್ಕೆ ಕಳಿಸಿ.

ಚಿಕ್ಕಮ್ಮ: ಅಯ್ಯೋ ರಾಮ, ಹಸುಗೂಸುಗಳು! ಕಾಲು ಜಾರಿದರೆ?

ತಂಗಿ: ಮಾವ, ಇದಕ್ಕೆ ಮೂಲ ಎಲ್ಲಿ? ಇದು ಇಡೀ ಸ್ಪೇನ್ ಅಲ್ಲ. ಕಾಸ್ಟೀಲ್-ಲಿಯೋನ್ ಪ್ರಾಂತ್ಯದಲ್ಲಿ, ಬುರ್ಗೋಸ್ ಕಡೆ, ಕಾಸ್ಟ್ರಿಯೊ ದೆ ಮುರ್ಸಿಯಾ ಅನ್ನೋ ಒಂದು ಹಳ್ಳಿ. ಕ್ರೈಸ್ತರ ಕಾರ್ಪುಸ್ ಕ್ರಿಸ್ಟಿ ಹಬ್ಬದ ಭಾನುವಾರ ಬೀದಿಯಲ್ಲಿ ಹಾಸಿಗೆ ಹಾಕಿ, ಹಿಂದಿನ ಒಂದು ವರ್ಷದಲ್ಲಿ ಹುಟ್ಟಿದ ಕೂಸುಗಳನ್ನು ಸಾಲಾಗಿ ಮಲಗಿಸುತ್ತಾರೆ. ಹಳದಿ ಕೆಂಪು ಬಟ್ಟೆ, ಮುಖವಾಡ ಹಾಕಿದ ಎಲ್ ಕೊಲಾಚೊ ಅನ್ನೋ ದೆವ್ವದ ವೇಷಧಾರಿ ಅವುಗಳ ಮೇಲೆ ಹಾರುತ್ತಾನೆ, ಕೆಡುಕೆಲ್ಲ ಅವನ ಜೊತೆ ಹೋಗುತ್ತದೆ ಅಂತ ನಂಬಿಕೆ. ಆಮೇಲೆ ಮಕ್ಕಳ ಮೇಲೆ ಗುಲಾಬಿ ಎಸಳು ಹಾಕುತ್ತಾರೆ. 1620ರ ದಶಕದಿಂದ ನಡೆದು ಬಂದಿದೆ ಅನ್ನುತ್ತಾರೆ. ಕಾನೂನು ಗೀನೂನು ಏನೂ ಇಲ್ಲ.

ಮಾವ: ಮೂಲ ಮೂಲ ಅಂತೀಯಲ್ಲ, ವಿಡಿಯೋ ಕಾಣಿಸುತ್ತಿಲ್ಲವಾ? ಕಳೆದ ಸಲ ಅರಿಶಿನದ ವಿಷಯದಲ್ಲೂ ಹೀಗೇ ಎಲ್ಲರೆದುರು ಮರ್ಯಾದೆ ತೆಗೆದೆ.

ದೊಡ್ಡಪ್ಪ: ನಂಬಿಕೆ ಇದ್ದ ಕಡೆ ಪ್ರಶ್ನೆ ಇರಬಾರದು. ಹಿರಿಯರು ಯಾವುದನ್ನೂ ಸುಮ್ನೆ ಮಾಡಿಲ್ಲ. ಈಗಿನವರಿಗೆ ಎಲ್ಲದಕ್ಕೂ ಪುರಾವೆ ಬೇಕು.

ತಂಗಿ: ದೊಡ್ಡಪ್ಪ, ಅವರ ಚರ್ಚಿನ ಪ್ರಕಾರ ಹುಟ್ಟಿನಿಂದಲೇ ಬರುವ ಪಾಪ ಕಳೆಯುವುದು ಜ್ಞಾನಸ್ನಾನ (ಬ್ಯಾಪ್ಟಿಸಂ), ದೆವ್ವ ಅಲ್ಲ. ಪ್ರಶ್ನೆ ಅಲ್ಲೂ ಇದೆ.

ಶಿವಮೊಗ್ಗ ಭಾವ: ನಮ್ಮ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯನ್ನೂ ಯಾರೂ ಓದಿಲ್ಲ ಅಲ್ವಾ? ಜಾತ್ರೆಯಲ್ಲಿ ಬಲವಂತವಾಗಿ ಕೆಂಡ ಹಾಯಿಸುವುದು, ಮಕ್ಕಳನ್ನು ಎತ್ತರದಿಂದ ಎಸೆಯುವುದು, ಇಂಥದ್ದಕ್ಕೆ ನಿಷೇಧ. ತಾನಾಗಿ ಹರಕೆ ಹೊತ್ತು ಕೆಂಡ ಹಾಯುವವನ ತಂಟೆಗೆ ಅದು ಹೋಗುವುದಿಲ್ಲ.

ಚಿಕ್ಕಮ್ಮ: ಹಾಗಾದರೆ ಹಾಸಿಗೆ ಮೇಲಿರೋ ಕೂಸಿಗೆ ಇಷ್ಟ ಇದೆಯಾ ಅಂತ ಯಾರು ಕೇಳಿದರು?

(ಇಡೀ ಬೆಳಗ್ಗೆ ಬಂದ ಒಂದೇ ಒಳ್ಳೆ ಪ್ರಶ್ನೆ. ಒಬ್ಬರೂ ಉತ್ತರ ಕೊಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಂಡ್ಯದ ಅಣ್ಣ ಬಂದ.)

ಮಂಡ್ಯದ ಅಣ್ಣ: ಕೆಂಡ ಅಂದ ಕೂಡಲೇ ನಮ್ಮೂರ ಮಾರಮ್ಮನ ಕೊಂಡ ನೆನಪಾಯಿತು! ರಾತ್ರಿಯೆಲ್ಲ ತಮಟೆ, ಬೆಳಗಿನ ಜಾವ ಬೇವಿನ ಸೊಪ್ಪು ಹಿಡಿದು ಪೂಜಾರಪ್ಪ ಓಡುತ್ತಿದ್ದ. ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಆ ಬೆಂಡು ಬತ್ತಾಸಿನ ರುಚಿ ಈಗ ಎಲ್ಲಿದೆ.

ಮಾವ: ಹೆಗಲ ಮೇಲಿದ್ದದ್ದು ನಾನು. ನೀನು ಆಗ ಹುಟ್ಟೇ ಇರಲಿಲ್ಲ.

ಅಣ್ಣ: ಅಮ್ಮನ ಹತ್ತಿರ ಫೋಟೋ ಇದೆ.

ಮಾವ: ಹಾಕು ನೋಡೋಣ.

(ಮೂಲ ಕೇಳಬಾರದು ಅಂದವರು ಇವರೇ.)

ತಂಗಿ: ಕೊಂಡದ ಮಾತು ಬಂತು ಅಂತ ಹೇಳುತ್ತೇನೆ. ಅದೇ ಪ್ರಾಂತ್ಯದಲ್ಲಿ, ಸೋರಿಯಾ ಕಡೆ, ಸಾನ್ ಪೆದ್ರೊ ಮನ್ರೀಕೆ ಅಂತ ಊರು. ಸಂತ ಯೋಹಾನನ ಹಬ್ಬದ ಮುನ್ನಾದಿನ, ಜೂನ್ 23ರ ರಾತ್ರಿ, ಓಕ್ ಮರದ ಕೆಂಡ ಹಾಸಿ ಬರಿಗಾಲಲ್ಲಿ ದಾಟುತ್ತಾರೆ, ಅದೂ ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತು. ಸಂಶೋಧಕರು ಅಲ್ಲಿಗೆ ಹೋಗಿ ಎದೆಬಡಿತ ಅಳೆದರು, 2011ರಲ್ಲಿ ಪ್ರಕಟವಾಯಿತು. ಕೆಂಡ ದಾಟುವವರ ಎದೆಬಡಿತ ಏರಿಳಿದ ಹಾಗೇ ನೋಡುತ್ತ ಕೂತಿದ್ದ ನೆಂಟರು, ಗೆಳೆಯರ ಎದೆಬಡಿತವೂ ಏರಿಳಿಯುತ್ತಿತ್ತಂತೆ. ಗುರುತಿಲ್ಲದ ಹೊರಗಿನವರದು ಹಾಗಿರಲಿಲ್ಲ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಎಲ್ಲರೂ ಓದುತ್ತಿದ್ದಾರೆ ಅಂತ ಖುಷಿಪಟ್ಟೆ.

ಮಾವ: ನೋಡಿ, ನೆಂಟರ ಎದೆ ಹೊಡೆದುಕೊಳ್ಳುತ್ತದಂತೆ. ನನಗೆ ಆಪರೇಷನ್ ಆದಾಗ ನಮ್ಮ ನೆಂಟರಲ್ಲಿ ಎಷ್ಟು ಜನರ ಎದೆ ಹೊಡೆದುಕೊಂಡಿತು? ಆಸ್ಪತ್ರೆಗೆ ಯಾರು ಬಂದಿದ್ದರು?

ದೊಡ್ಡಪ್ಪ: ನನಗಾಗ ಮಂಡಿನೋವು ಅಂತ ಎಲ್ಲರಿಗೂ ಗೊತ್ತು.

ಮಾವ: ಅದೇ ವಾರ ಧರ್ಮಸ್ಥಳಕ್ಕೆ ಹೋಗಿದ್ದಿರಲ್ಲ, ಅದೂ ಎಲ್ಲರಿಗೂ ಗೊತ್ತು.

ಚಿಕ್ಕಮ್ಮ: ನಾನು ಬಂದಿದ್ದೆ. ಫ್ಲಾಸ್ಕ್‌ನಲ್ಲಿ ಗಂಜಿ ತಂದಿದ್ದೆ. ಆ ಫ್ಲಾಸ್ಕ್ ಇನ್ನೂ ವಾಪಸ್ ಬಂದಿಲ್ಲ.