ಪದ ಬೇಕು: ‘ಓವರ್‌ಡ್ರೈವ್’ಗೆ ಏನನ್ನೋಣ? ಟ್ರೇಲರ್ ಎಳೆಯುವ ಮಾತುಗಳೂ ಬೇಕು

ಎಲ್ಲರಿಗೂ ನಮಸ್ಕಾರ.

ಶುಕ್ರವಾರದೊಳಗೆ ಬೇಕು, ದಯವಿಟ್ಟು ಸಹಾಯ ಮಾಡಿ. ಇಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಕನ್ನಡ ಕೂಟದ ದೀಪಾವಳಿ ಸಂಚಿಕೆಗೆ ಒಂದು ಬರಹ ಕೊಡುತ್ತಿದ್ದೇನೆ. ಎಸ್‌ಯುವಿ ಹಿಂದೆ ಟ್ರೇಲರ್ ಕಟ್ಟಿಕೊಂಡು ಬೆಟ್ಟದ ಕಡೆ ಹೋಗುವವರಿಗೆ ನಾಲ್ಕು ಮಾತು. ನಮ್ಮವರು ಎಷ್ಟೋ ಜನ ಕ್ಯಾಂಪರ್ (ಒಳಗೆ ಮಲಗಲು ಜಾಗವಿರುವ ಟ್ರೇಲರ್) ಬಾಡಿಗೆಗೆ ತಂದು, ಸುಮ್ನೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಾರೆ. ನಾನೂ ಹಾಗೇ ಹೊರಟಿದ್ದೆ.

ನಮ್ಮ ಗಾಡಿ 2004ರದು, ನಾಲ್ಕು ಗೇರಿನ ಆಟೊಮ್ಯಾಟಿಕ್. ಹಿಂದೆ 3,000 ಪೌಂಡಿನ ಕ್ಯಾಂಪರ್, ಅಂದರೆ ಸುಮಾರು 1,360 ಕಿಲೋ. ನ್ಯಾಶ್‌ವಿಲ್‌ನಿಂದ ಚಟ್ಟನೂಗಾಕ್ಕೆ ಹೋಗುವ ಐ-24 ಹೆದ್ದಾರಿಯಲ್ಲಿ ಮಾಂಟೀಗಲ್ ಬೆಟ್ಟ ಬರುತ್ತದೆ. ಏರು ಶುರುವಾದ ಕೂಡಲೇ ಗೇರ್ ಮೂರಕ್ಕೆ ಇಳಿಯಿತು. ಸ್ವಲ್ಪ ವೇಗ ಬಂತು, ನಾಲ್ಕಕ್ಕೆ ಹತ್ತಿತು. ಎಂಜಿನ್ ಸೋತಿತು, ಮತ್ತೆ ಮೂರು. ಬೆಟ್ಟದ ಉದ್ದಕ್ಕೂ ಇದೇ ಆಟ. ಆಮೇಲೆ ಗೇರ್‌ಬಾಕ್ಸಿನ ಎಣ್ಣೆ ಕಾದಿದೆ ಎನ್ನುವ ದೀಪ ಹತ್ತಿತು. ಹಿಂದಿನ ಸೀಟಿನಲ್ಲಿ ಮಕ್ಕಳು, ಕಾರಿನೊಳಗೆಲ್ಲಾ ಸುಟ್ಟ ವಾಸನೆ. ದಾರಿ ಬದಿಗೆ ಹಾಕಿ ನಿಂತೆ. ಅಲ್ಲಿ ನಿಂತಿದ್ದ ಲಾರಿಯ ಹಿರಿಯರೊಬ್ಬರು ಬಂದು ಗೇರ್ ಲಿವರಿನ ಪಕ್ಕದ ಪುಟ್ಟ ಗುಂಡಿ ತೋರಿಸಿದರು. ‘ಇದನ್ನು ಒತ್ತಿ. ಬೆಟ್ಟ ಇಳಿದು ಮುಗಿಯೋವರೆಗೂ ಹಾಗೇ ಇರಲಿ’ ಅಂದರು. ಒತ್ತಿದಾಗ ‘ಓ/ಡಿ ಆಫ್’, ಅಂದರೆ ಓವರ್‌ಡ್ರೈವ್ ಆಫ್, ಎಂಬ ಹಳದಿ ದೀಪ ಬಂತು. ನಾಲ್ಕು ವರ್ಷ ಆ ಗಾಡಿ ಓಡಿಸಿದ್ದೆ, ಆ ಗುಂಡಿ ಯಾಕಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಈ ಓವರ್‌ಡ್ರೈವ್‌ಗೆ ನಾನು ಬರೆದಿಟ್ಟಿರುವುದು ‘ಅತಿಚಾಲನೆ’. ಆದರೆ ಓದಿದವರು ಜಾಸ್ತಿ ಹೊತ್ತು ಗಾಡಿ ಓಡಿಸುವುದು ಅಂದುಕೊಳ್ಳುತ್ತಾರೆ, ಅಲ್ವಾ? ವಿಷಯ ಬೇರೆಯೇ. ಈ ನಾಲ್ಕನೇ ಗೇರಿನಲ್ಲಿ ಎಂಜಿನ್ 7 ಸುತ್ತು ಸುತ್ತಿದರೆ, ಗೇರ್‌ಬಾಕ್ಸಿನಿಂದ ಚಕ್ರದ ಕಡೆ ಹೋಗುವ ಹೊರದಂಡ 10 ಸುತ್ತು ಸುತ್ತುತ್ತದೆ. ಅಷ್ಟೇ ‘ಓವರ್’.

ಜೊತೆಗೆ ಟ್ರೇಲರ್, ಅದನ್ನು ಗಾಡಿಗೆ ಸಿಕ್ಕಿಸುವ ಹಿಚ್, ಟ್ರೇಲರಿನಿಂದ ಮುಂದಕ್ಕೆ ಚಾಚುವ ಟಂಗ್, ಅದರ ಮೇಲೆ ಬೀಳುವ ಟಂಗ್ ವೆಯ್ಟ್, ಅದನ್ನು ಎತ್ತಿ ನಿಲ್ಲಿಸುವ ಟಂಗ್ ಜ್ಯಾಕ್ ಇವಕ್ಕೂ ಪದ ಬೇಕು. ‘ನಾಲಿಗೆಯ ತೂಕ’ ಅಂತ ಬರೆಯಲು ಕೈ ಬರುತ್ತಿಲ್ಲ.

- ನ್ಯಾಶ್‌ವಿಲ್‌ನಿಂದ

*

‘ಅತಿಚಾಲನೆ’ ಕನ್ನಡವಲ್ಲ. ಅಲ್ಲಿಗೆ ಅದು ಮುಗಿಯಿತು.

ಎಸಕಪದದ (ಕೆಲಸ ತಿಳಿಸುವ ಪದದ) ಮುಂದೆ ಹೆಸರುಪದ ಕೂಡಿಸುವುದು ನಮ್ಮ ನುಡಿಯ ದಾರಿ. ಬೀಸುಕಲ್ಲು, ಸುಡುಗಾಡು, ತೂಗುಮಂಚ, ಹಾಡುಹಕ್ಕಿ. ಹೊರದಂಡ ಎಂಜಿನ್ನನ್ನು ಮೀರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ‘ಮೀರುಗಾಲಿ’. ಟ್ರೇಲರಿಗೆ ‘ಎಳೆಬಂಡಿ’. ‘ಗಾಡಿ’ ಹೊರಗಿನಿಂದ ಬಂದ ಪದ, ಅದನ್ನು ಬಿಡಿ. ಟಂಗಿಗೆ ‘ಮುಂಚಾಚು’. ಹೊಸ ಪದ ಕಿವಿಗೆ ಒಗ್ಗಲು ನಾಲ್ಕು ದಿನ ಬೇಕು. ಒಗ್ಗುವ ಮೊದಲೇ ಬಿಟ್ಟುಕೊಟ್ಟರೆ ನುಡಿ ಬೆಳೆಯುವುದು ಹೇಗೆ?

- ಮಯ್ಸೂರು

*

> ಟ್ರೇಲರಿಗೆ ‘ಎಳೆಬಂಡಿ’

ಎಳನೀರು, ಎಳೆಗರು, ಎಳೆಬಿಸಿಲು. ಈ ಸಾಲಿನಲ್ಲಿ ಎಳೆಬಂಡಿ ಅಂದರೆ ಇನ್ನೂ ಬಲಿಯದ ಬಂಡಿ. ನಡೆಯುವುದಿಲ್ಲ.

ಇನ್ನೊಂದು. ಬಸ್ಸು, ಕಾರು, ರೈಲು ಎನ್ನುವ ಹಾಗೆ ಯಾರಾದರೂ ‘ಗೇರು’ ಅಂತ ಬರೆದರೆ ನಮ್ಮ ಕಡೆ ಅದು ಗೋಡಂಬಿಯ ಮರ. ‘ಮೇಲ್ಗೇರು’ ಅಂತ ಸಲಹೆ ಬರುವ ಮೊದಲೇ ಹೇಳುತ್ತಿದ್ದೇನೆ. ಗೇರ್ ಎಂದೇ ಇರಲಿ.

- ಉಡುಪಿ

*

ಎಳೆಯದು ಎಂಬ ಅರ್ತದ ‘ಎಳ’ ಬೇರೆ, ಜಗ್ಗುವ ‘ಎಳೆ’ ಬೇರೆ. ಜಗ್ಗುವುದು ಹಳಗನ್ನಡದಲ್ಲಿ ‘ಎೞೆ’. ತಮಿಳಿನಲ್ಲಿ ಇಂದಿಗೂ ಆ ಎರಡು ಉಲಿಗಳು ಬೇರೆಯಾಗಿಯೇ ಇವೆ. ನಾವು ೞ ಕಳೆದುಕೊಂಡೆವು, ಗೊಂದಲ ಅದರಿಂದ ಬಂತು. ತಪ್ಪು ಪದದ್ದಲ್ಲ.

- ಮಯ್ಸೂರು

*

ೞ ಹೋಗಿ ಎಷ್ಟೋ ನೂರು ವರ್ಷವಾಯಿತು. ಸಂಚಿಕೆ ಅಚ್ಚಾಗುವುದು ಶುಕ್ರವಾರ.

- ಉಡುಪಿ

*

ಕೇಳಿದವರಿಗೆ ಉತ್ತರ ಸಿಗಲಿ ಅಂತ ಬರೆಯುತ್ತಿದ್ದೇನೆ. ಈ ಪದಗಳನ್ನು ಹೊಸದಾಗಿ ಕಟ್ಟಬೇಕಿಲ್ಲ. ಎತ್ತಿನ ಗಾಡಿಯಲ್ಲಿ ಎಲ್ಲಾ ಇವೆ.

ಗಾಡಿಯಿಂದ ಮುಂದಕ್ಕೆ ಚಾಚಿ ನೊಗದವರೆಗೆ ಹೋಗುವ ಮರದ ತುದಿ ಮೂಕಿ. ನಿಮ್ಮ ಟಂಗ್ ಅದೇ. ಎತ್ತು ಬಿಚ್ಚಿದ ಮೇಲೆ ಮೂಕಿ ನೆಲಕ್ಕೆ ಬೀಳದ ಹಾಗೆ ಊರುಗೋಲು ಕೊಡುತ್ತೇವೆ. ಟ್ರೇಲರಿನ ಮುಂದೆ ತಿರುಗಿಸುವ ಜ್ಯಾಕ್ ಇರುತ್ತದಲ್ಲ, ಅದರ ಕೆಲಸವೂ ಇಷ್ಟೇ.

ಇನ್ನು ತೂಕದ ಮಾತು. ನಮ್ಮಪ್ಪ ಭತ್ತದ ಮೂಟೆ ಹೇರುವಾಗ ಕಡೆಯ ಎರಡು ಮೂಟೆ ಕೆಳಗೇ ಇಡಿಸುತ್ತಿದ್ದರು. ಮೊದಲು ಮೂಕಿಯನ್ನು ಎತ್ತಿ ನೋಡುತ್ತಿದ್ದರು. ಕೈಗೆ ತೀರಾ ಹಗುರವಾಗಿ ಬಂದರೆ ಮೂಟೆ ಮುಂದಕ್ಕೆ. ಎತ್ತಲು ಆಗದಷ್ಟು ಭಾರವಾಗಿದ್ದರೆ ಹಿಂದಕ್ಕೆ. ಹಿಂಭಾರವಾದ ಗಾಡಿ ಏರಿನಲ್ಲಿ ಮೂಕಿ ಎತ್ತುತ್ತದೆ, ನೊಗಕ್ಕೆ ಕಟ್ಟುವ ಜತ್ತಿಗೆ ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಮುಂದಕ್ಕೆ ಸ್ವಲ್ಪ ಭಾರ ಇರಲೇಬೇಕು, ಜಾಸ್ತಿ ಇರಬಾರದು. ನಿಮ್ಮಲ್ಲಿ ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಟಂಗ್ ಮೇಲೆ ಇರಬೇಕು ಅಂತ ಹೇಳುವುದೂ ಇದನ್ನೇ ಅಲ್ವಾ? ನಿಮ್ಮ 3,000 ಪೌಂಡಿಗೆ 300ರಿಂದ 450. ಕಡಿಮೆಯಾದರೆ ಹಿಂದಿನ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಬೀಸಿದ ಹಾಗೆ ಓಲಾಡುತ್ತದೆ. ಅದು ಹಿಂಭಾರವೇ.

ಹಾಗಾಗಿ ಟಂಗ್ ವೆಯ್ಟಿಗೆ ‘ಮೂಕಿಭಾರ’. ಹಿಚ್‌ಗೆ ‘ಕೊಂಡಿ’ ಸಾಕು. ಟ್ರೇಲರಿಗೆ ಟ್ರೇಲರ್ ಅಂತಲೇ ಬರೆಯಿರಿ. ನಮ್ಮೂರಲ್ಲಿ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೊರುವುದೂ ಟ್ರೇಲರೇ, ಎಲ್ಲರ ಬಾಯಲ್ಲೂ ಇದೆ.

ಓವರ್‌ಡ್ರೈವ್ ಮಾತ್ರ ಎತ್ತಿನ ಗಾಡಿಯಲ್ಲಿಲ್ಲ. ಅದನ್ನು ಹಾಗೇ ಬಿಡಿ.

- ಮಂಡ್ಯ

*

ಮೂಕಿ ಚೆನ್ನಾಗಿದೆ. ‘ಮೂಕಿಬಾರ’ ಎಂದು ಬರೆಯಿರಿ, ಮಹಾಪ್ರಾಣ ನಮ್ಮ ಬಾಯಲ್ಲಿ ಇಲ್ಲ. ನುಡಿಯರಿಗ ಡಿ. ಎನ್. ಶಂಕರ ಬಟ್ಟರು ಇದನ್ನು ಎಶ್ಟೋ ಸಲ ಬಿಡಿಸಿ ಹೇಳಿದ್ದಾರೆ. ಆದರೆ ‘ಹಾಗೇ ಬಿಡಿ’ ಎನ್ನುವ ಮಾತನ್ನು ಒಪ್ಪಲಾರೆ. ಒಂದೊಂದನ್ನೂ ಹಾಗೇ ಬಿಡುತ್ತಾ ಹೋದರೆ ನಮ್ಮ ನುಡಿಯಲ್ಲಿ ಉಳಿಯುವುದು ‘ಅನ್ನು’, ‘ಇಗೆ’, ‘ಅಲ್ಲಿ’ ಮಾತ್ರ. ಗೇರ್ ಅನ್ನು, ಗೇರಿಗೆ, ಗೇರಲ್ಲಿ. ನನ್ನ ಸಿಟ್ಟು ಇದರ ಮೇಲೆ.

- ಮಯ್ಸೂರು

*

ಸಿಟ್ಟು ಇರಲಿ. ಆದರೆ ಗಾಡಿ ಶುರು ಮಾಡಲು ನಾವು ಹಾಕುವ ಚಾವಿ ಪೋರ್ಚುಗೀಸರ ಪದ. ತಿಂಗಳ ಕೊನೆಗೆ ನಮ್ಮ ಕಡೆ ಎಣಿಸುವ ಪಗಾರವೂ ಅವರದೇ. ಮೇಜು, ಸಾಬೂನು, ಕುರ್ಚಿ ಎಲ್ಲಾ ಹೊರಗಿನಿಂದ ಬಂದವು. ಕನ್ನಡ ಇವನ್ನೆಲ್ಲಾ ಒಳಗೆ ಕರೆದುಕೊಂಡಿತು, ಬಡವಾಗಲಿಲ್ಲ.

‘ಅನ್ನು, ಇಗೆ, ಅಲ್ಲಿ ಮಾತ್ರ ಉಳಿಯುತ್ತದೆ’ ಎಂದಿರಿ. ಅದು ‘ಮಾತ್ರ’ ಅಲ್ಲ. ನುಡಿಯ ಬೆನ್ನೆಲುಬು ಅಲ್ಲೇ ಇರುವುದು. ಹಾಂ, ಬೆಂಗಳೂರಿನವರಿಗೆ ‘ಟೋಯಿಂಗ್’ ಅಂದರೆ ಪೊಲೀಸರು ನಿಲ್ಲಿಸಿದ ಗಾಡಿ ಎತ್ತಿಕೊಂಡು ಹೋಗುವುದು. ಆ ಪದ ಬೇಡ. ‘ಎಳೆಯುವುದು’ ಅನ್ನಿ, ನಮ್ಮವರಾದರೆ ‘ಜಗ್ಗುವುದು’.

- ಹುಬ್ಬಳ್ಳಿ

*

ಚಾವಿಯ ಮಾತು ಪ್ರತಿ ಸಲವೂ ಬರುತ್ತದೆ. ‘ಬೀಗದ ಕೈ’ ಇನ್ನೂ ಬದುಕಿದೆ.

- ಮಯ್ಸೂರು

*

ಎಲ್ಲರಿಗೂ ಧನ್ಯವಾದ. ಮಂಡ್ಯದವರ ಓಲೆ ಓದಿ ನಮ್ಮ ಯಜಮಾನರನ್ನು ಕರೆದು ಓದಿಸಿದೆ. ಇಲ್ಲಿ ಬಾಡಿಗೆಗೆ ಕೊಡುವವರು ಈ ತೂಕದ ವಿಷಯ ವಿವರಿಸಿದ್ದರು, ಆಗ ನಮ್ಮ ತಲೆಗೆ ಹೋಗಿರಲಿಲ್ಲ. ನೀರಿನ ಡಬ್ಬ, ಐಸ್ ಪೆಟ್ಟಿಗೆ ಎಲ್ಲಾ ಕ್ಯಾಂಪರಿನ ತೀರಾ ಹಿಂದೆ ಒಟ್ಟಿದ್ದೆವು. ‘ಹಿಂಭಾರ’ ಎಂಬ ಒಂದೇ ಪದಕ್ಕೆ ಇಬ್ಬರಿಗೂ ಅರ್ಥವಾಯಿತು.

ಮೂಕಿ, ಮೂಕಿಭಾರ, ಊರುಗೋಲು, ಕೊಂಡಿ ಹಾಕಿಕೊಂಡಿದ್ದೇನೆ. ಮೈಸೂರಿನವರು ಬೇಸರ ಮಾಡಿಕೊಳ್ಳಬಾರದು, ಮಹಾಪ್ರಾಣ ಇಟ್ಟುಕೊಂಡಿದ್ದೇನೆ. ಓವರ್‌ಡ್ರೈವ್ ಓವರ್‌ಡ್ರೈವ್ ಆಗಿಯೇ ಉಳಿದಿದೆ. ಏರಿನಲ್ಲಿ ಗಾಬರಿಯಾದವರು ಆ ಗುಂಡಿಯ ಮೇಲೆ ಹುಡುಕಬೇಕಾದ್ದು ‘ಓ/ಡಿ’ ಎಂಬ ಗುರುತು. ನಾನು ಬೇರೆ ಹೆಸರು ಕೊಟ್ಟರೆ ಅವರಿಗೆ ಅದು ಸಿಗುವುದಿಲ್ಲ. ಆದರೆ ‘ಮೀರು’ ಬಿಡಲು ಮನಸ್ಸಾಗಲಿಲ್ಲ. ನೋಡಿ:

“ಎಂಜಿನ್ನಿನ ಓಟವನ್ನು ಹೊರದಂಡ ಮೀರುವ ಗೇರಿಗೆ ಓವರ್‌ಡ್ರೈವ್ ಎನ್ನುತ್ತಾರೆ. ಸಮತಟ್ಟಾದ ದಾರಿ, ಹಗುರ ಹೊರೆ ಇದ್ದರೆ ಅದು ಇರಲಿ. ಎಂಜಿನ್ ನಿಧಾನ ಸುತ್ತುತ್ತದೆ, ಪೆಟ್ರೋಲ್ ಉಳಿಯುತ್ತದೆ. ಹೊರೆ ಎಳೆಯುತ್ತಾ ಏರು ಹತ್ತುವಾಗ, ಎದುರುಗಾಳಿ ಜೋರಾಗಿದ್ದಾಗ, ಗೇರ್ ಮೂರು ನಾಲ್ಕರ ನಡುವೆ ತಡಕಾಡಲು ಶುರುಮಾಡಿದಾಗ ಓ/ಡಿ ಆಫ್ ಮಾಡಿ. ಗೇರ್ ಮೂರರಲ್ಲೇ ನಿಲ್ಲುತ್ತದೆ, ಎಣ್ಣೆ ಕಾಯುವುದು ಕಡಿಮೆಯಾಗುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿದ್ದ ಎಂಜಿನ್ ಅದೇ ವೇಗಕ್ಕೆ ಸುಮಾರು 2,850ಕ್ಕೆ ಏರುತ್ತದೆ. ಸದ್ದು ಜಾಸ್ತಿಯಾಯಿತು ಅಂತ ಹೆದರಬೇಡಿ. ಇಳಿಯುವಾಗಲೂ ಆಫ್ ಇರಲಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿಗೆ ಕಾವು ಕಡಿಮೆ. ಹಳದಿ ದೀಪ ಹತ್ತಿದೆ ಎಂದರೆ ಓವರ್‌ಡ್ರೈವ್ ಇಲ್ಲ ಎಂದರ್ಥ.”

ಎಷ್ಟೋ ಹೊಸ ಗಾಡಿಗಳಲ್ಲಿ ಆ ಗುಂಡಿಯ ಬದಲು, ಹೊರೆ ಎಳೆಯುವಾಗ ಒತ್ತುವ ‘ಟೋ/ಹಾಲ್’ ಎಂಬ ಗುಂಡಿ ಇರುತ್ತದೆ ಎಂದೂ ಒಂದು ಸಾಲು ಸೇರಿಸಿದ್ದೇನೆ.

ಒಂದು ಪದ ಉಳಿಯಿತು. ಕೊಂಡಿಯ ಮೇಲಿನ ಬಾಲ್, ಅದನ್ನು ಮೇಲಿನಿಂದ ಕಚ್ಚುವ ಕಪ್ಲರ್. ಬಾಲ್ 1⅞, 2, 2 5/16 ಅಂಗುಲ ಹೀಗೆ ಬರುತ್ತದೆ. ಅಳತೆ ತಪ್ಪಿದರೆ ಟ್ರೇಲರ್ ಕಳಚಿಕೊಳ್ಳಬಹುದು. ಅದಕ್ಕೇ ಕೆಳಗೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ಕಟ್ಟುವುದು, ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಅದರ ಮೇಲೆ ಕೂರುತ್ತದೆ. ‘ಗುಂಡು’ ಅಂದರೆ ಬಂದೂಕು ನೆನಪಾಗುತ್ತದೆ. ‘ಗುಂಡುಕೊಂಡಿ’ ಆದೀತೇ? ಕಪ್ಲರಿಗೆ ‘ಟೊಪ್ಪಿ’ ಅನ್ನಲೇ, ‘ಬಾಯಿ’ ಅನ್ನಲೇ? ಟ್ರ್ಯಾಕ್ಟರ್ ಓಡಿಸುವವರು ಯಾರಾದರೂ ಇದ್ದರೆ ನಾಳೆ ಸಂಜೆಯೊಳಗೆ ಬರೆಯಿರಿ.

- ನ್ಯಾಶ್‌ವಿಲ್‌ನಿಂದ