ಸ್ಯಾಟ್ ಪರೀಕ್ಷೆಯ ಇಂಗ್ಲಿಷ್ ಪದಗಳು: ಅರ್ಥ ಬಾಯಿಪಾಠವಾಗಿದ್ದರೂ ಉತ್ತರ ತಪ್ಪುವುದೇಕೆ?

ಪ್ರಶ್ನೆ: ಸಂಪಿಗೆ_ಮೈಸೂರು

ನನ್ನ ಮಗಳು ಮೈಸೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅಮೆರಿಕದಲ್ಲಿ ಪದವಿ ಓದಬೇಕೆಂಬ ಆಸೆಯಿಂದ ಸ್ಯಾಟ್ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಗಣಿತ ಅವಳಿಗೆ ಸಲೀಸು. ಇಂಗ್ಲಿಷಿಗಾಗಿ ಪರಿಚಯದವರೊಬ್ಬರು ಕೊಟ್ಟ ಕಠಿಣ ಪದಗಳ ಹಳೆಯ ಪಟ್ಟಿಯೊಂದನ್ನು ಶ್ರದ್ಧೆಯಿಂದ ಕಲಿತಿದ್ದಾಳೆ. ಸಂಜೆ ನಾನು ಪದ ಹೇಳಿದರೆ ಅವಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅರ್ಥ ಹೇಳುತ್ತಾಳೆ, ತಡವರಿಸುವುದೇ ಅಪರೂಪ. ಆದರೆ ಬ್ಲೂಬುಕ್ ಆ್ಯಪ್‌ನಲ್ಲಿ ಅಭ್ಯಾಸ ಪರೀಕ್ಷೆ ಬರೆದಾಗ ಪದಗಳಿಗೆ ಸಂಬಂಧಿಸಿದ ಪ್ರಶ್ನೆಗಳಲ್ಲಿಯೇ ಅಂಕ ಕಳೆದುಕೊಳ್ಳುತ್ತಾಳೆ, ಅದೂ ತನಗೆ ಗೊತ್ತಿರುವ ಪದಗಳಿಂದ ಕೂಡಿದ ಪ್ರಶ್ನೆಗಳಲ್ಲಿ. ನಾನು ಮನೆಯಲ್ಲಿ ಪರೀಕ್ಷಿಸುವ ಕ್ರಮಕ್ಕೂ ನಿಜವಾದ ಪರೀಕ್ಷೆ ಅಳೆಯುವುದಕ್ಕೂ ಎಲ್ಲಿ ಅಂತರವಿದೆ? ಅವಳ ಪದಜ್ಞಾನವನ್ನು ನಾನು ಹೇಗೆ ಪರೀಕ್ಷಿಸಬೇಕು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಪಾಠಶಾಲೆ_ಧಾರವಾಡ

ಹಲವು ವರ್ಷಗಳಿಂದ ಇಂಗ್ಲಿಷ್ ಪ್ರವೇಶ ಪರೀಕ್ಷೆಗಳಿಗೆ ಪಾಠ ಹೇಳುತ್ತಿರುವುದರಿಂದ ಈ ತೊಂದರೆಯನ್ನು ತುಂಬ ಮಕ್ಕಳಲ್ಲಿ ಕಂಡಿದ್ದೇನೆ. ನಿಮ್ಮ ಮಗಳ ಶ್ರಮದಲ್ಲಿ ಕೊರತೆಯಿಲ್ಲ. ಅವಳ ಕೈಯಲ್ಲಿರುವ ಪಟ್ಟಿ ಬೇರೊಂದು ಕಾಲದ ಪರೀಕ್ಷೆಗೆ ತಯಾರಾದದ್ದು.

ಸ್ಯಾಟ್ ಮೊದಲ ಬಾರಿಗೆ ನಡೆದದ್ದು 1926ರ ಜೂನ್ 23ರಂದು. ಆಗ 97 ನಿಮಿಷಗಳಲ್ಲಿ 315 ಪ್ರಶ್ನೆಗಳಿದ್ದವು. ಪದಗಳ ವ್ಯಾಖ್ಯೆ, ವಿರುದ್ಧಾರ್ಥಕ ಪದ, ಪದಜೋಡಿಗಳ ಸಾದೃಶ್ಯ ಇವೆಲ್ಲ ಅದರ ಪ್ರತ್ಯೇಕ ಭಾಗಗಳಾಗಿದ್ದವು. ಒಂಟಿ ಪದವನ್ನು ಮುಂದಿಟ್ಟು ಅದರ ಅರ್ಥ ಗೊತ್ತೇ ಎಂದು ಕೇಳುವ ಈ ಪದ್ಧತಿ ಹಂತಹಂತವಾಗಿ ಮರೆಯಾಯಿತು: ವಿರುದ್ಧಾರ್ಥಕ ಪದಗಳ ಪ್ರಶ್ನೆಗಳನ್ನು 1994ರಲ್ಲಿ, ಸಾದೃಶ್ಯದ ಪ್ರಶ್ನೆಗಳನ್ನು 2005ರಲ್ಲಿ, ವಾಕ್ಯ ಪೂರ್ಣಗೊಳಿಸುವ ಹಳೆಯ ಬಗೆಯ ಪ್ರಶ್ನೆಗಳನ್ನು 2016ರಲ್ಲಿ ಕೈಬಿಡಲಾಯಿತು. ಸಾದೃಶ್ಯದ ಪ್ರಶ್ನೆಗಳ ಬಗ್ಗೆ ನ್ಯಾಯದ ಆಕ್ಷೇಪವೂ ಇತ್ತು. ಓಟಗಾರನಿಗೆ ಮ್ಯಾರಥಾನ್ ಹೇಗೋ ದೋಣಿಗೆ ಹುಟ್ಟು ಹಾಕುವವನಿಗೆ ರೆಗಾಟಾ ಎಂಬ ದೋಣಿ ಪಂದ್ಯ ಹಾಗೆ ಎಂಬ ಉತ್ತರವನ್ನು ನಿರೀಕ್ಷಿಸುತ್ತಿದ್ದ ಪ್ರಶ್ನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ದೋಣಿ ಪಂದ್ಯಗಳನ್ನು ನೋಡಿ ಬೆಳೆದ ಸಿರಿವಂತ ಮನೆಯ ಮಗುವಿಗೆ ಅದು ಸುಲಭ, ಉಳಿದವರಿಗೆ ಅಪರಿಚಿತ. ಅಲ್ಲಿ ಅಳೆಯುತ್ತಿದ್ದದ್ದು ತರ್ಕವನ್ನೋ ಮನೆತನವನ್ನೋ ಎಂದು ಕೇಳಿದವರ ಪಕ್ಷದಲ್ಲಿ ನಾನಿದ್ದೇನೆ.

ಪೂರ್ತಿ ಡಿಜಿಟಲ್ ಆದ ಈಗಿನ ಪರೀಕ್ಷೆ ಭಾರತವೂ ಸೇರಿದಂತೆ ಅಮೆರಿಕದ ಹೊರಗೆ 2023ರ ಮಾರ್ಚಿನಲ್ಲಿ, ಅಮೆರಿಕದೊಳಗೆ 2024ರ ಮಾರ್ಚಿನಲ್ಲಿ ಬಂದಿತು. ಇಂಗ್ಲಿಷ್ ಭಾಗದಲ್ಲಿ ತಲಾ 32 ನಿಮಿಷಗಳ ಎರಡು ಘಟ್ಟಗಳಿವೆ. ಪ್ರತಿ ಘಟ್ಟದಲ್ಲಿ 27 ಪ್ರಶ್ನೆಗಳಿರುವುದರಿಂದ ಒಂದು ಪ್ರಶ್ನೆಗೆ ಸುಮಾರು 71 ಸೆಕೆಂಡು ಸಿಗುತ್ತದೆ. ಮೊದಲ ಘಟ್ಟವನ್ನು ಹೇಗೆ ಬರೆದಿದ್ದೇವೆ ಎಂಬುದರ ಮೇಲೆ ಎರಡನೆಯದರ ಕಾಠಿಣ್ಯ ನಿರ್ಧಾರವಾಗುತ್ತದೆ. ಪದಗಳ ಪ್ರಶ್ನೆಗಳು ಪ್ರತಿ ಘಟ್ಟದ ಆರಂಭದಲ್ಲಿಯೇ ಬರುತ್ತವೆ. 25ರಿಂದ 150 ಪದಗಳ ಒಂದು ಗದ್ಯಖಂಡ, ಅದರಲ್ಲಿ ಒಂದು ಖಾಲಿ ಜಾಗ, ಅಲ್ಲಿಗೆ ಅತ್ಯಂತ ತರ್ಕಬದ್ಧವೂ ನಿಖರವೂ ಆದ ಪದ ಯಾವುದು ಎಂಬ ಪ್ರಶ್ನೆ, ನಾಲ್ಕು ಆಯ್ಕೆಗಳು. ಇಲ್ಲಿ ಅರ್ಧ ಕೆಲಸ ಪದದ್ದು, ಇನ್ನರ್ಧ ವಾಕ್ಯದ್ದು. ನೀವು ಸಂಜೆ ಪರೀಕ್ಷಿಸುತ್ತಿರುವುದು ಮೊದಲರ್ಧವನ್ನು ಮಾತ್ರ.

ಒಂದು ಮಾದರಿ ಹೇಳುತ್ತೇನೆ, ಇದು ನಾನೇ ತರಗತಿಗಾಗಿ ರಚಿಸಿದ್ದು. ಒಂದೇ ಸ್ಥಳದಲ್ಲಿ ಸಿಕ್ಕ ಕೆಲವು ಎಲೆಯ ಪಳೆಯುಳಿಕೆಗಳ ಆಧಾರದಿಂದ ವಿಜ್ಞಾನಿಯೊಬ್ಬರು ಎರಡು ಸಸ್ಯಕುಲಗಳಿಗೆ ಸಂಬಂಧ ಕಲ್ಪಿಸುತ್ತಾರೆ. ಆ ವಾದ ಎಲ್ಲೆಡೆ ಸುದ್ದಿಯಾದರೂ, ಇಷ್ಟು ಅಲ್ಪ ಸಾಕ್ಷ್ಯ ಸಾಲದೆನ್ನುವ ಇತರ ಸಂಶೋಧಕರು ಆ ಸಂಬಂಧವನ್ನು ‘ಖಾಲಿ ಜಾಗ’ ಎಂದು ಪರಿಗಣಿಸುತ್ತಾರೆ. ಆಯ್ಕೆಗಳು: ಕಾನ್‌ಸ್ಪಿಕ್ಯುಅಸ್, ಟೆನ್ಯುಅಸ್, ರಿಡಂಡೆಂಟ್, ಕಾಂಪ್ರಿಹೆನ್ಸಿವ್. ಸರಿಯುತ್ತರ ಟೆನ್ಯುಅಸ್, ಅಂದರೆ ತೀರ ಎಳೆಯಷ್ಟೇ ಉಳಿದ, ದುರ್ಬಲವಾದ. ಆದರೆ ತಪ್ಪು ಆಯ್ಕೆಗಳನ್ನು ಗಮನಿಸಿ. ಎದ್ದುಕಾಣುವ ಎಂಬರ್ಥದ ಮೊದಲನೆಯದು ‘ಸುದ್ದಿಯಾದರೂ’ ಎಂಬ ಮಾತಿಗೆ ಮಾತ್ರ ಕಣ್ಣಿಟ್ಟವರನ್ನು ಸೆಳೆಯುತ್ತದೆ. ಅನಗತ್ಯವಾಗಿ ಹೆಚ್ಚಾದ ಎಂಬರ್ಥದ ಮೂರನೆಯದು, ಇಲ್ಲಿ ಏನೋ ಟೀಕೆಯಿದೆ ಎಂದಷ್ಟೇ ಗ್ರಹಿಸಿದವರನ್ನು ಸೆಳೆಯುತ್ತದೆ. ಸಮಗ್ರವಾದ ಎಂಬರ್ಥದ ನಾಲ್ಕನೆಯದು ಸಾಕ್ಷ್ಯದ ಅಲ್ಪತೆಗೆ ನೇರ ವಿರುದ್ಧವಾಗಿದ್ದು, ‘ಆದರೂ’ ಎಂಬ ತಿರುವನ್ನು ಕಾಣದೆ ಓದಿದವರಿಗೆ ಹಿಡಿಸುತ್ತದೆ. ನಾಲ್ಕೂ ಪದಗಳ ಅರ್ಥ ಬಲ್ಲ ವಿದ್ಯಾರ್ಥಿಯೂ ಇಲ್ಲಿ ಜಾರಬಹುದು.

ಆದ್ದರಿಂದ ಅಭ್ಯಾಸದಲ್ಲಿ ಆಯ್ಕೆಗಳನ್ನು ಕೈಯಿಂದ ಮುಚ್ಚಿಡಲು ಹೇಳಿ. ಗದ್ಯಖಂಡವನ್ನು ಓದಿ, ಖಾಲಿ ಜಾಗಕ್ಕೆ ಎಂಥ ಮಾತು ಬೇಕೆಂಬುದನ್ನು ಅವಳು ಮೊದಲು ಕನ್ನಡದಲ್ಲಿ ಹೇಳಲಿ, ಯಾವ ಮಾತಿನ ಆಧಾರದಿಂದ ಹಾಗೆ ಹೇಳಿದಳೆಂಬುದನ್ನೂ ತೋರಿಸಲಿ. ಆಮೇಲೆ ಆಯ್ಕೆಗಳನ್ನು ನೋಡಲಿ. ಆಗ ತಪ್ಪು ವಾಕ್ಯದ ಗ್ರಹಿಕೆಯಲ್ಲಿದೆಯೋ ಪದದ ಅರ್ಥದಲ್ಲಿದೆಯೋ ಎಂಬುದು ನಿಮಗೆ ಕೂಡಲೇ ತಿಳಿಯುತ್ತದೆ.

ಉತ್ತರ: ಗುಲ್‌ಮೊಹರ್_ನ್ಯೂಜೆರ್ಸಿ

ನಮ್ಮ ಮಗ ಇಲ್ಲಿ ಡಿಜಿಟಲ್ ಸ್ಯಾಟ್ ಬರೆದಿದ್ದಾನೆ. ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಕನ್ನಡದಲ್ಲಿ ಊಹಿಸುವ ಕ್ರಮದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಕಲಿಕೆಯ ಆರಂಭಕ್ಕೆ ಅದು ಒಳ್ಳೆಯದು, ಆದರೆ 71 ಸೆಕೆಂಡಿನಲ್ಲಿ ಎರಡು ಭಾಷೆಗಳ ನಡುವೆ ಓಡಾಡಲು ಬಿಡುವಿರುವುದಿಲ್ಲ. ಪರೀಕ್ಷೆ ಹತ್ತಿರವಾದಂತೆ ಇಂಗ್ಲಿಷಿನದೇ ಒಂದು ಸರಳ ಪದವನ್ನು ಖಾಲಿ ಜಾಗದಲ್ಲಿಡುವ ಅಭ್ಯಾಸವಾಗಬೇಕು. ಮೇಲಿನ ಮಾದರಿಯಲ್ಲಿ ‘ವೀಕ್’ ಎಂಬುದಷ್ಟೇ ಸಾಕಿತ್ತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ 2016ರಿಂದ ಇಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದೆಂದು ಹೇಳಿಕೊಡಿ.

ಉತ್ತರ: ಮಲೆನಾಡ_ಉಪನ್ಯಾಸಕಿ

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿಮ್ಮ ಮಗಳು ವಿಜ್ಞಾನದ ವಿದ್ಯಾರ್ಥಿನಿ ಎಂಬ ವಿಷಯ ಇಲ್ಲಿ ಬಹಳ ಮುಖ್ಯವೆಂದು ನನಗನ್ನಿಸುತ್ತದೆ. ಸ್ಯಾಟ್ ಕೇಳುವ ಎಷ್ಟೋ ಪದಗಳು ಅವಳ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಪುಸ್ತಕಗಳಲ್ಲಿ ಆಗಲೇ ಇವೆ, ಆದರೆ ಶಾಸ್ತ್ರದ ಅರ್ಥವೊಂದನ್ನೇ ಹೊತ್ತು ಕುಳಿತಿವೆ. ಲೇಟೆಂಟ್ ಹೀಟ್ ಎಂದರೆ ಗುಪ್ತೋಷ್ಣ ಎಂದು ಅವಳಿಗೆ ಗೊತ್ತು. ಒಬ್ಬ ಕವಿಯ ಲೇಟೆಂಟ್ ಪ್ರತಿಭೆ ಎಂದಾಗ ಇನ್ನೂ ಹೊರಗೆ ಬಾರದ ಪ್ರತಿಭೆ ಎಂದು ಹೊಳೆಯಬೇಕು. ಮ್ಯಾಲಿಯಬಲ್ ಲೋಹವನ್ನು ಬಡಿದು ತಗಡು ಮಾಡಬಹುದು, ಮ್ಯಾಲಿಯಬಲ್ ಮನಸ್ಸನ್ನು ಇತರರು ಸುಲಭವಾಗಿ ತಿದ್ದಬಹುದು. ಪ್ರೆಸಿಪಿಟೇಟ್ ಪ್ರನಾಳದಲ್ಲಿ ತಳಕ್ಕಿಳಿಯುವ ಒತ್ತರ, ಇತಿಹಾಸದ ಗದ್ಯದಲ್ಲಿ ಅದು ಬಿಕ್ಕಟ್ಟೊಂದನ್ನು ತಟ್ಟನೆ ಬರಮಾಡುವ ಕ್ರಿಯೆ. ವಾಲಟೈಲ್, ಇನರ್ಟ್, ಸ್ಯಾಚುರೇಟ್, ಅಟೆನ್ಯುಯೇಟ್, ಬಿನೈನ್ ಇವನ್ನೆಲ್ಲ ಹೀಗೆಯೇ ಹೊರಗೆ ತರಬಹುದು. ಪಿಸಿಎಂಬಿ ಓದುವ ಕನ್ನಡದ ಮಗುವಿಗೆ ಇದೊಂದು ದೊಡ್ಡ ಆಸ್ತಿ, ಮತ್ತು ಇದನ್ನು ಯಾರೂ ಅವರಿಗೆ ಹೇಳಿಕೊಡದಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಇದಕ್ಕಿಂತ ಮೋಸಗೊಳಿಸುವಂಥವು ದಿನಬಳಕೆಯ ಪದಗಳ ಎರಡನೆಯ ಅರ್ಥಗಳು. ಕ್ವಾಲಿಫೈ ಎಂದರೆ ಅರ್ಹತೆ ಪಡೆಯುವುದು ಎಂದು ಎಲ್ಲರಿಗೂ ಗೊತ್ತು. ಹೇಳಿಕೆಯೊಂದನ್ನು ಕ್ವಾಲಿಫೈ ಮಾಡುವುದೆಂದರೆ ಅದಕ್ಕೆ ಮಿತಿ ಹಾಕುವುದು. ಚಾಂಪಿಯನ್ ಕ್ರಿಯಾಪದವಾದಾಗ ಒಂದು ವಿಚಾರದ ಪರವಾಗಿ ನಿಲ್ಲುವುದು. ಟೆಂಪರ್ ಕ್ರಿಯಾಪದವಾದಾಗ ತೀವ್ರತೆ ತಗ್ಗಿಸುವುದು. ಕಷ್ಟದ ಪದ ಕಂಡಾಗ ಮಕ್ಕಳು ಜಾಗರೂಕರಾಗುತ್ತಾರೆ, ಇಂಥ ಪರಿಚಿತ ಪದ ಕಂಡಾಗ ಯೋಚಿಸದೆ ಮುಂದೆ ಹೋಗುತ್ತಾರೆ.

ಹತ್ತಿರದ ಪದಗಳನ್ನು ಬೇರ್ಪಡಿಸುವುದನ್ನೂ ನಿಮ್ಮ ಸಂಜೆಯ ಪರೀಕ್ಷೆಯಲ್ಲಿ ಸೇರಿಸಿ. ಆ್ಯಂಬಿವಲೆಂಟ್, ಇನ್‌ಡಿಫರೆಂಟ್ ಎರಡಕ್ಕೂ ‘ಖಚಿತ ಒಲವಿಲ್ಲದ’ ಎಂದು ಬರೆದುಕೊಂಡ ಟಿಪ್ಪಣಿಗಳನ್ನು ನೋಡಿದ್ದೇನೆ. ಮೊದಲನೆಯದರಲ್ಲಿ ಎರಡು ಭಾವನೆಗಳು ಎರಡು ಕಡೆಗೆ ಎಳೆಯುತ್ತಿರುತ್ತವೆ, ಎರಡನೆಯದರಲ್ಲಿ ಯಾವ ಭಾವನೆಯೂ ಇರುವುದಿಲ್ಲ. ಅರ್ಥ ಕೇಳುವ ಬದಲು ಈ ಎರಡರಲ್ಲಿ ಯಾವುದು ಎಲ್ಲಿ ಸಲ್ಲದು, ಏಕೆ ಸಲ್ಲದು ಎಂದು ಕೇಳಿ.

ಪ್ರತಿಕ್ರಿಯೆ: ಸಂಪಿಗೆ_ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಪಟ್ಟಿಯನ್ನು ಪೂರ್ತಿ ಬದಿಗಿಡಬೇಕೇ? ಲ್ಯಾಟಿನ್ ಮತ್ತು ಗ್ರೀಕ್ ಧಾತುಗಳನ್ನು ಕಲಿತರೆ ಹೊಸ ಪದಗಳನ್ನು ಊಹಿಸಬಹುದೆಂದೂ ಕೆಲವರು ಹೇಳುತ್ತಾರೆ. ನನ್ನ ತಂಗಿಯ ಮಗ ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆಯುವವನಿದ್ದಾನೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅಭ್ಯಾಸ ಮಾಡಿಸಬಹುದೇ?

ಉತ್ತರ: ತುಂಗಾತೀರ

ಪಟ್ಟಿಯನ್ನು ಬದಿಗಿಡಿ ಎಂಬ ಸಲಹೆಯನ್ನು ನಾನು ಕೊಡಲಾರೆ. ನಾಲ್ಕು ಆಯ್ಕೆಗಳಲ್ಲಿ ಎರಡು ಪದಗಳು ಅಪರಿಚಿತವಾಗಿದ್ದರೆ, ವಾಕ್ಯ ಎಷ್ಟೇ ಚೆನ್ನಾಗಿ ಅರ್ಥವಾಗಿದ್ದರೂ ಕೊನೆಗೆ ಉಳಿಯುವುದು ಅಂದಾಜು ಮಾತ್ರ. ಕಠಿಣವಾದ ಎರಡನೆಯ ಘಟ್ಟಕ್ಕೆ ಹೋದವರಿಗೆ ಇದು ಹೆಚ್ಚು ಅನುಭವಕ್ಕೆ ಬರುತ್ತದೆ. ಪಟ್ಟಿ ಇರಲಿ, ಆದರೆ ಅದು ಅವಳು ಓದಿದ ಗದ್ಯದಿಂದ ಅವಳೇ ಕಟ್ಟಿಕೊಂಡದ್ದಾಗಿರಲಿ, ಪ್ರತಿ ಪದದ ಜೊತೆ ಅದು ಬಂದ ವಾಕ್ಯವೂ ಇರಲಿ. ಪರೀಕ್ಷಿಸುವಾಗ ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಎಂದು ಅಂತರ ಹೆಚ್ಚಿಸುತ್ತ ಹೋಗಿ.

ಧಾತುಗಳು ದಾರಿ ತೋರಿಸುತ್ತವೆ, ಆದರೆ ಅವನ್ನು ಪೂರ್ತಿ ನಂಬಲಾಗದು. ಬೆನೆ ಎಂದರೆ ಒಳಿತು, ಮಲ್ ಎಂದರೆ ಕೆಡುಕು ಎಂದು ತಿಳಿದರೆ ಬೆನೆವಲೆಂಟ್, ಮಲೆವಲೆಂಟ್ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅದೇ ‘ಇನ್’ ಎಂದರೆ ನಿಷೇಧವೆಂದು ಕಲಿತವರು ಇನ್‌ವ್ಯಾಲ್ಯುಯಬಲ್ ಎಂಬುದನ್ನು ಬೆಲೆಯಿಲ್ಲದ್ದೆಂದು ತಿಳಿಯುತ್ತಾರೆ, ಅದರ ಅರ್ಥವೋ ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು.

ಕ್ಲ್ಯಾಟ್ ವಿಷಯ: ಅದು ಕೂಡ 2020ರಿಂದ ಗದ್ಯಖಂಡ ಆಧಾರಿತವಾಗಿದೆ, ಒಂಟಿ ಪದಗಳ ಪ್ರಶ್ನೆಗಳು ಅಲ್ಲಿ ಮುಖ್ಯವಲ್ಲ. ಆದರೆ ಅಲ್ಲಿನ ಇಂಗ್ಲಿಷ್ ಗದ್ಯಖಂಡ ಸುಮಾರು 450 ಪದಗಳಷ್ಟು ಉದ್ದವಾಗಿದ್ದು, ಒಂದೇ ಖಂಡದ ಮೇಲೆ ಹಲವು ಪ್ರಶ್ನೆಗಳಿರುತ್ತವೆ, ಪ್ರತಿ ತಪ್ಪಿಗೆ 0.25 ಅಂಕ ಕಳೆಯುತ್ತಾರೆ. ಪದ ಕಲಿಯುವ ಕೆಲಸವನ್ನು ಇಬ್ಬರೂ ಒಟ್ಟಿಗೆ ಮಾಡಲಿ, ಸಮಯ ಇಟ್ಟುಕೊಂಡು ಬರೆಯುವ ಅಭ್ಯಾಸ ಬೇರೆಬೇರೆಯಾಗಿರಲಿ, ಏಕೆಂದರೆ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಇಬ್ಬರೂ ತೆಗೆದುಕೊಳ್ಳಬೇಕಾದ ನಿರ್ಧಾರ ಒಂದೇ ಅಲ್ಲ.

ಉತ್ತರ: ಪಾಠಶಾಲೆ_ಧಾರವಾಡ

ತುಂಗಾತೀರ ಅವರ ತಿದ್ದುಪಡಿ ಸರಿಯಾಗಿದೆ. ಒಂದು ಕೆಲಸದ ಮಾತು ಸೇರಿಸುತ್ತೇನೆ. ಬ್ಲೂಬುಕ್‌ನಲ್ಲಿರುವ ಪೂರ್ಣ ಪರೀಕ್ಷೆಗಳು ಕೆಲವೇ ಆದ್ದರಿಂದ ಪದಗಳ ಅಭ್ಯಾಸಕ್ಕಾಗಿ ಅವನ್ನು ಖರ್ಚು ಮಾಡಬೇಡಿ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನ ಜಾಲತಾಣದಲ್ಲಿ ಉಚಿತ ಪ್ರಶ್ನೆಕೋಶವಿದೆ. ಅಲ್ಲಿ ‘ವರ್ಡ್ಸ್ ಇನ್ ಕಾಂಟೆಕ್ಸ್ಟ್’ ಎಂಬ ಕೌಶಲವನ್ನೂ ಕಾಠಿಣ್ಯದ ಮಟ್ಟವನ್ನೂ ಆಯ್ದುಕೊಂಡರೆ ಈ ಬಗೆಯ ಪ್ರಶ್ನೆಗಳು ಮಾತ್ರ ಸಿಗುತ್ತವೆ. ಪೂರ್ಣ ಪರೀಕ್ಷೆಗಳಲ್ಲಿ ಬಳಸಿರುವ ಪ್ರಶ್ನೆಗಳನ್ನು ಹೊರಗಿಡುವ ಆಯ್ಕೆಯೂ ಅಲ್ಲಿದೆ, ಅದನ್ನು ಮೊದಲೇ ಒತ್ತಿಡಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ತಾನು ಆರಿಸಿದ ಪದ ಸರಿಯಾಗಬೇಕಿದ್ದರೆ ಗದ್ಯಖಂಡದ ಯಾವ ಮಾತು ಬದಲಾಗಬೇಕಿತ್ತು ಎಂಬುದನ್ನು ಅವಳು ಒಂದು ವಾಕ್ಯದಲ್ಲಿ ಬರೆಯಲಿ. ಆ ವಾಕ್ಯಗಳನ್ನು ಓದಿದರೆ ಮುಂದಿನ ವಾರ ಏನನ್ನು ಪರೀಕ್ಷಿಸಬೇಕೆಂಬುದು ನಿಮಗೆ ತಿಳಿಯುತ್ತದೆ.